ಮಂಗಳವಾರದ ಬೌಲಿಂಗ್ ಲೀಗ್: ನಾಲ್ಕು ಸೀಸನ್ ಆಡಿದ ಮೇಲೆ

ಡೆಟ್ರಾಯ್ಟ್ ಹತ್ರ ನಾವಿರೋ ಊರಲ್ಲಿ ಮಂಗಳವಾರ ರಾತ್ರಿ ನಡೆಯೋ ಬೌಲಿಂಗ್ ಲೀಗ್‌ಗೆ (ಕ್ರಿಕೆಟ್‌ದಲ್ಲ, ಭಾರದ ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸೋ ಆಟ) ಸೇರಿ ಈ ಏಪ್ರಿಲ್‌ಗೆ ನಾಲ್ಕು ಸೀಸನ್ ಮುಗೀತು. ಇಲ್ಲಿರೋ ನಮ್ಮ ಕನ್ನಡದವ್ರು ಸಿಕ್ಕಾಗೆಲ್ಲ ಕೇಳ್ತಾರೆ, ಸೇರ್ಬೋದಾ, ಕೊಟ್ಟ ದುಡ್ಡಿಗೆ ಮೋಸ ಇಲ್ವಾ ಅಂತ, ಅದಕ್ಕೇ ಬರೀತಿದೀನಿ.

ಬೆಂಗಳೂರಲ್ಲಿದ್ದಾಗ ಆಫೀಸಿನವರ ಜೊತೆ ಒಂದೆರಡು ಸಲ ಚರ್ಚ್ ಸ್ಟ್ರೀಟಲ್ಲಿ ಆಡಿದ್ದೆ, ಅಷ್ಟೇ ನನ್ನ ಅನುಭವ. ಅದಕ್ಕೂ ಇದಕ್ಕೂ ಟೆನಿಸ್ ಬಾಲ್ ಗಲ್ಲಿ ಕ್ರಿಕೆಟ್‌ಗೂ ಲೆದರ್ ಬಾಲ್ ಮ್ಯಾಚ್‌ಗೂ ಇರೋಷ್ಟು ವ್ಯತ್ಯಾಸ ಇದೆ.

ಖರ್ಚು ಮೊದ್ಲು ಹೇಳ್ಬಿಡ್ತೀನಿ. ಸೆಪ್ಟೆಂಬರಿಂದ ಏಪ್ರಿಲ್‌ವರೆಗೆ 32 ವಾರ, ವಾರಕ್ಕೆ ಮೂರು ಗೇಮ್, 22 ಡಾಲರ್, ಅಂದ್ರೆ ಸೀಸನ್‌ಗೆ 704. ಅದ್ರಲ್ಲಿ ಲೇನ್, ಅಂದ್ರೆ ಬಾಲ್ ಉರುಳಿಸೋ ದಾರಿಯ ಬಾಡಿಗೆ ಹೋಗಿ ಉಳಿದಿದ್ದು ಪ್ರೈಜ್ ಫಂಡ್‌ಗೆ. ನೀವು ಹೋಗ್ಲಿಲ್ಲ ಅಂದ್ರೂ ಆ ವಾರದ ದುಡ್ಡು ಕಟ್ಟಲೇಬೇಕು, ನಿಮ್ಮ ಆವರೇಜಲ್ಲಿ (ಒಂದು ಗೇಮ್‌ನ ಸರಾಸರಿ ಸ್ಕೋರ್) 10 ಕಳೆದು ಟೀಮ್‌ಗೆ ಸ್ಕೋರ್ ಹಾಕ್ತಾರೆ. ಆದ್ರಿಂದ ತಿಂಗಳಿಗೆರಡು ಸಲ ಟೂರ್ ಹೋಗೋ ಕೆಲಸದವ್ರಿಗೆ ಇದು ಬೇಡ, ನಿಮ್ಮಿಂದ ಟೀಮಿನ ಇನ್ನು ಮೂರು ಜನಕ್ಕೂ ತೊಂದ್ರೆ.

ಹೊಸಬರಿಗೆ ಭಯ ಇರೋದು ಹ್ಯಾಂಡಿಕ್ಯಾಪ್, ಅಂದ್ರೆ ಕಮ್ಮಿ ಆಡೋರಿಗೆ ಸಮ ಮಾಡೋಕೆ ಸೇರಿಸಿ ಕೊಡೋ ಪಾಯಿಂಟ್, ಅರ್ಥ ಆಗದೆ. ನಮ್ಮ ಲೀಗಲ್ಲಿ 220ರಿಂದ ನಿಮ್ಮ ಆವರೇಜ್ ಕಳೆದು ಅದರ ಶೇ. 90 ಕೊಡ್ತಾರೆ. ಮೊದಲ್ನೇ ಸೀಸನ್‌ನಲ್ಲಿ ನನ್ನ ಆವರೇಜ್ 128, ಹಾಗಾಗಿ ಪ್ರತಿ ಗೇಮ್‌ಗೂ 82 ಸೇರ್ತಿತ್ತು. ಎದುರಿಗೆ 205 ಆವರೇಜ್ ಇರೋರಿಗೆ ಬರೀ 13. ಅವ್ರು ಅವ್ರ ಮಟ್ಟಕ್ಕೆ ಆಡಿದ್ರೆ 218, ನಾನು ನನ್ನ ಮಟ್ಟಕ್ಕೆ ಆಡಿದ್ರೆ 210, ಎಂಟೇ ಪಾಯಿಂಟ್ ಅಂತರ, ನಾನು ಒಂದು ಸ್ಪೇರ್ (ಎರಡು ಎಸೆತದಲ್ಲಿ ಹತ್ತೂ ಪಿನ್ ಬೀಳಿಸೋದು) ಜಾಸ್ತಿ ಹೊಡೆದ್ರೆ ಮ್ಯಾಚ್ ನಂದೇ. ನಲವತ್ತು ವರ್ಷದಿಂದ ಆಡ್ತಿರೋರ ಎದುರು ಮೊದಲ್ನೇ ತಿಂಗಳೇ ಸಮಕ್ಕೆ ನಿಂತು ಆಡೋ ಅವಕಾಶ ಬೇರೆ ಯಾವ ಆಟದಲ್ಲಿ ಸಿಗತ್ತೆ ಹೇಳಿ.

ನಾನು ಎರಡು ವರ್ಷ ತಪ್ಪು ಮಾಡಿದ್ದು ಎಲ್ಲಿ ಅಂದ್ರೆ ಬರೀ ಸ್ಟ್ರೈಕ್ (ಮೊದಲ್ನೇ ಎಸೆತಕ್ಕೇ ಹತ್ತೂ ಪಿನ್ ಬೀಳಿಸೋದು) ಹಿಂದೆ ಬಿದ್ದಿದ್ದು. ನಮ್ಮ ಟೀಮಲ್ಲಿ ಕಾರ್ ಫ್ಯಾಕ್ಟರೀಲಿ ಕೆಲಸ ಮಾಡಿ ರಿಟೈರ್ ಆಗಿರೋ ಹಿರಿಯರೊಬ್ರಿದಾರೆ, ಅವ್ರು ಒಂದಿನ ಸ್ಕೋರ್ ಶೀಟ್ ಹಿಂದೆ ಬರೆದು ತೋರ್ಸಿದ್ರು, ಒಂದು ಗೇಮಿನ ಹತ್ತು ಫ್ರೇಮಲ್ಲೂ (ಸರದೀಲೂ) ಮೊದಲ್ನೇ ಎಸೆತಕ್ಕೆ ಒಂಬತ್ತು ಬೀಳಿಸಿ ಮಿಕ್ಕ ಒಂದನ್ನ ಎರಡನೇದರಲ್ಲಿ ಬೀಳಿಸ್ತಾ ಹೋದ್ರೆ, ಕೊನೇ ಬೋನಸ್ ಎಸೆತಕ್ಕೂ ಒಂಬತ್ತೇ ಬಿದ್ರೂ, ಸ್ಪೇರ್‌ಗೆ ಹತ್ತರ ಜೊತೆ ಮುಂದಿನ ಎಸೆತದ ಪಿನ್ನೂ ಸೇರೋದ್ರಿಂದ ಒಂದೂ ಸ್ಟ್ರೈಕ್ ಇಲ್ದೆ 190 ಆಗತ್ತೆ. ನಂಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಬಲಗೈಯವ್ರಿಗೆ ಬಲತುದೀಲಿ ಒಂಟಿಯಾಗಿ ನಿಲ್ಲೋ ಹತ್ತನೇ ಪಿನ್ನೇ ಶತ್ರು, ತಿರುಗೋ ಬಾಲಲ್ಲಿ ಅದಕ್ಕೆ ಗುರಿ ಇಡೋದು ಕಷ್ಟ, ಹಾಗಾಗಿ ನೇರ ಹೋಗೋ ಪ್ಲಾಸ್ಟಿಕ್ ಬಾಲ್ ಒಂದು ಬೇರೆ ತಗೊಂಡು, ಎಡಗಡೆ ನಿಂತು ಲೇನ್‌ಗೆ ಅಡ್ಡವಾಗಿ ಎಸೆಯೋದನ್ನ ಬೇಸಿಗೆಯೆಲ್ಲ ಪ್ರಾಕ್ಟೀಸ್ ಮಾಡಿದೆ. ಈ ಸೀಸನ್ ಆವರೇಜ್ 163. ಸ್ಟ್ರೈಕ್ ಮೊದ್ಲಿಗಿಂತ ಹೆಚ್ಚೇನೂ ಬೀಳ್ತಿಲ್ಲ, ಎಲ್ಲಾ ಸ್ಪೇರ್‌ನಿಂದಾನೇ.

ಇನ್ನೊಂದು, ಲೇನ್ ಮೇಲೆ ಎಣ್ಣೆ ಹಚ್ಚಿರ್ತಾರೆ, ಕಣ್ಣಿಗೆ ಕಾಣಲ್ಲ. ಮಧ್ಯ ಜಾಸ್ತಿ, ಎರಡೂ ಅಂಚಲ್ಲಿ ಕಮ್ಮಿ. ಎಲ್ರೂ ಎಸೀತಾ ಎಸೀತಾ ಅದು ಒಣಗತ್ತೆ, ಮೊದಲ್ನೇ ಗೇಮಲ್ಲಿ ಸರಿಯಾಗಿ ಬಿದ್ದ ಎಸೆತ ಮೂರನೇದರಲ್ಲಿ ಬೇಗ ತಿರುಗಿ ಎಡಕ್ಕೆ ಓಡತ್ತೆ. ಆಗ ಎಸೆಯೋ ರೀತಿ ಬದಲಾಯಿಸ್ಬೇಡಿ, ನಿಂತಿರೋ ಜಾಗಾನ ಎಡಕ್ಕೆ ಸರಿಸಿ, ಸಾಕು.

ನೋವಿನ ವಿಷಯಗಳೂ ಇವೆ. ಮೂರನೇ ಸೀಸನ್‌ನಲ್ಲಿ ಆವರೇಜ್ 141ರಿಂದ 139ಕ್ಕೆ ಇಳೀತು, ಕಾರಣ ಹೆಬ್ಬೆರಳು. ಇಲ್ಲಿ ಚಳೀಲಿ ಬೆರಳು ಸಣ್ಣಗಾಗತ್ತೆ, ಬಾಲಲ್ಲಿ ಬೆರಳಿಡೋ ತೂತು ಸಡಿಲ ಆಗತ್ತೆ, ನಾನು ಗಟ್ಟಿಯಾಗಿ ಹಿಂಡಿ ಹಿಡಿದು ಹಿಡಿದು ಗಿಣ್ಣು ಊದ್ಕೊಂಡು ಆರು ವಾರ ಕೂತೆ, ದುಡ್ಡು ಮಾತ್ರ ಕಟ್ತಿದ್ದೆ. ತೂತಿನೊಳಗೆ ಎರಡು ತುಂಡು ಟೇಪ್ ಅಂಟಿಸಿದ್ರೆ ಮುಗೀತಿತ್ತು, ಯಾರೂ ಹೇಳಿರ್ಲಿಲ್ಲ. ಬಾಲನ್ನ ರಾತ್ರಿ ಕಾರ್ ಡಿಕ್ಕೀಲಿ ಬಿಡ್ಬೇಡಿ, ಆ ಚಳಿಗೆ ಸೀಳು ಬಿಡಬಹುದು. ಆಮೇಲೆ ನಾವು ಆಡೋ ಬೌಲಿಂಗ್ ಸೆಂಟರ್‌ದು, ಪಿನ್ ಜೋಡಿಸೋ ಮಷೀನ್ ಹಳೇದು, ಒಂದು ರಾತ್ರಿ ನಾಲ್ಕೈದು ಸಲ ನಿಂತು ಮನೆ ಸೇರಿದಾಗ ಹನ್ನೊಂದೂವರೆ. ಎರಡನೇ ವರ್ಷದ ಪ್ರೈಜ್ ದುಡ್ಡು ಕೈಗೆ ಬರೋಕೆ ಎರಡು ತಿಂಗಳು ತಗೊಂಡಿದ್ದು ನಂಗೆ ಇವತ್ತಿಗೂ ಬೇಜಾರು. ಸೇರೋ ಮುಂಚೆ ಲೀಗ್ ರೂಲ್ಸ್ ಬರವಣಿಗೇಲಿ ಕೇಳಿ, ಫಂಡ್ ಲೆಕ್ಕ ಯಾರು ನೋಡ್ತಾರೆ ಅಂತ ಕೇಳಿ.

ಈಗ ಸೆಂಟರ್‌ನವ್ರು ಪಿನ್‌ಗೆ ಹಗ್ಗ ಕಟ್ಟಿರೋ ಹೊಸ ಮಷೀನ್ ಹಾಕೋ ಯೋಚನೆ ಮಾಡ್ತಿದಾರೆ. ರಿಪೇರಿ ಕಮ್ಮಿ ಅನ್ನೋದು ನಿಜ, ಆದ್ರೆ ಹಗ್ಗ ಇದ್ರೆ ಪಿನ್ ಬೀಳೋ ರೀತಿನೇ ಬೇರೆ, ಅಮೆರಿಕದ ಬೌಲಿಂಗ್ ಸಂಸ್ಥೆ 2023ರಲ್ಲಿ ಅದಕ್ಕೆ ಮಾನ್ಯತೆ ಕೊಟ್ಟಾಗಲೂ ಬೇರೆ ವಿಭಾಗ ಅಂತಾನೇ ಇಟ್ಟಿತು. ನಮ್ಮ ಟೀಮಲ್ಲಿ ಆ ಹಿರಿಯರು ಹಗ್ಗ ಬಂದ್ರೆ ಆಡಲ್ಲ ಅಂತಿದಾರೆ. ಅವ್ರಿಲ್ದೆ ನಂಗೂ ಮನಸ್ಸಿಲ್ಲ. ಮುಂದಿನ ಸೀಸನ್ ಹಳೇ ಮಷೀನಲ್ಲೇ ಅಂತ ಹೇಳಿದಾರೆ, ನಾಲ್ಕೂ ಜನ ಹೆಸರು ಕೊಟ್ಟಿದೀವಿ.