ಮೊದಲು ಅವರೇ ದುಡ್ಡು ಕೊಟ್ಟರು: ಮಕ್ಕಳ ಕಾಲೇಜು ಫೀಸಿಗೆಂದು ಪಾರ್ಟ್ ಟೈಮ್ ಕೆಲಸ ಹುಡುಕುತ್ತಿರುವವರು ದಯವಿಟ್ಟು ಓದಿ

ಇದನ್ನು ಬರೆಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ನಾಚಿಕೆ ತಡೆಯುತ್ತಿತ್ತು. ಹೋದ ವಾರ ಗೆಳತಿಯೊಬ್ಬಳು ಫೋನ್ ಮಾಡಿ, "ಮನೇಲೇ ಕೂತು ಮಾಡೋ ಕೆಲಸ ಸಿಕ್ಕಿದೆ ಕಣೇ, ದಿನಕ್ಕೆ ಒಂದು ಗಂಟೆ ಸಾಕು, ನಿನ್ನೆ ದುಡ್ಡೂ ಬಂತು" ಅಂದಳು. ಅವಳ ಮಗನೂ ಈ ವರ್ಷ ಕಾಲೇಜಿಗೆ ಸೇರಿದ್ದಾನೆ. ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಯಾಕೆಂದರೆ ನಾನು ಮೋಸಹೋಗಿದ್ದೂ ಆ "ದುಡ್ಡು ಬಂತು" ಅನ್ನುವುದರಿಂದಲೇ.

ನಮ್ಮ ಸಂಬಳದಲ್ಲಿ ಮನೆ ನಡೆಯುತ್ತದೆ. ಮಗಳ ಕಾಲೇಜು ನಡೆಯುವುದಿಲ್ಲ. ಮೊದಲ ಕಂತಿನ ಫೀಸನ್ನು ಹೇಗೋ ಹೊಂದಿಸಿ ಕಟ್ಟಿದ್ದೆವು. ಎರಡನೆಯದಕ್ಕೆ ಆರು ವಾರ ಇತ್ತು. ಕೆಲಸ ಮುಗಿಸಿ ಬಂದು, ಮನೆಯದೆಲ್ಲ ಆದ ಮೇಲೆ ರಾತ್ರಿ ಒಂದೆರಡು ಗಂಟೆ ಏನಾದರೂ ಮಾಡಬಹುದಾ ಅಂತ ಹುಡುಕುತ್ತಿದ್ದೆ. ಎರಡು ಮೂರು ಕಡೆ ನನ್ನ ನಂಬರ್ ಹಾಕಿದ್ದೆ. ಒಂದು ಸಂಜೆ ವಾಟ್ಸಾಪ್‌ಗೆ ಮೆಸೇಜ್ ಬಂತು. ಹೆಸರಾಂತ ಕಂಪನಿಯೊಂದರ ಎಚ್‌ಆರ್ ಅಂತ ಹೇಳಿಕೊಂಡರು. ಮಾತು ಬಲು ಮರ್ಯಾದೆಯದು. ಸಮಯ ನಮ್ಮಿಷ್ಟ, ಅನುಭವ ಬೇಡ, ದಿನದ ದುಡ್ಡು ದಿನವೇ. ಮುಂದಿನ ಮಾತುಕತೆ ಟೆಲಿಗ್ರಾಂನಲ್ಲಿ.

ಕೆಲಸ ಏನು ಗೊತ್ತಾ? ವೆಬ್‌ಸೈಟ್‌ನಲ್ಲಿ ಲಾಗಿನ್ ಆದರೆ ಹೋಟೆಲ್‌ಗಳ ಫೋಟೋ ಬರುತ್ತವೆ. ಐದು ಸ್ಟಾರ್ ಒತ್ತಿ, ಸಬ್ಮಿಟ್ ಮಾಡಬೇಕು. ಇಂಥವು ಒಂದು ಸುತ್ತಿಗೆ 40. ನೋಡದ ಹೋಟೆಲ್‌ಗೆ ಸ್ಟಾರ್ ಕೊಡುವುದಕ್ಕೆ ಯಾರು ಯಾಕೆ ದುಡ್ಡು ಕೊಡುತ್ತಾರೆ ಅಂತ ಕೇಳಿದೆ. "ಹುಡುಕಿದಾಗ ಹೋಟೆಲ್ ಹೆಸರು ಮೇಲೆ ಬರಬೇಕು ಮೇಡಂ, ಅದಕ್ಕೆ" ಅಂದರು. ನನಗೆ ಸರಿ ಅನ್ನಿಸಿತು. ಈಗ ಯೋಚಿಸಿದರೆ, ಅವರು ಹೇಳಿದ್ದು ನಿಜವೇ ಆಗಿದ್ದರೂ ಅದು ಸುಳ್ಳು ರಿವ್ಯೂ ಬರೆಯುವ ಕೆಲಸ. ಯಾರದೋ ಕಣ್ಣಿಗೆ ಮಣ್ಣೆರಚುವ ಕೆಲಸ. ಅಲ್ಲೇ ಎದ್ದು ಬರಬೇಕಿತ್ತು.

ಅವತ್ತೇ ರಾತ್ರಿ ನನ್ನ ಬ್ಯಾಂಕ್ ಖಾತೆಗೆ ದುಡ್ಡು ಬಂತು. ಸಣ್ಣ ಮೊತ್ತ, ಆದರೆ ನಿಜವಾದ ದುಡ್ಡು. ಬ್ಯಾಂಕಿನ ಮೆಸೇಜನ್ನು ಎರಡೆರಡು ಸಲ ಓದಿದೆ. ಕಳಿಸಿದವರ ಜಾಗದಲ್ಲಿ ಕಂಪನಿಯ ಹೆಸರಿರಲಿಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರಿತ್ತು. ಕೇಳಿದ್ದಕ್ಕೆ "ಅವರು ನಮ್ಮ ಪೇಮೆಂಟ್ ಏಜೆಂಟ್" ಅಂದರು. ಆ ಹೆಸರು ನನಗೆ ಇವತ್ತಿಗೂ ಬಾಯಿಪಾಠ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನನಗೊಬ್ಬ "ಮೆಂಟರ್" ಇದ್ದಳು. ಊಟ ಆಯ್ತಾ ಮೇಡಂ, ಸುಸ್ತಾಯ್ತಾ ಮೇಡಂ ಅಂತ ವಿಚಾರಿಸುತ್ತಿದ್ದಳು. ಈ ದುಡ್ಡು ಯಾತಕ್ಕೆ ಅಂತ ಕೇಳಿದಳು. ಹೇಳಿಬಿಟ್ಟೆ. ಮಗಳು ಓದುವ ಕೋರ್ಸ್, ಫೀಸ್ ಕಟ್ಟುವ ಕೊನೆ ದಿನ, ಎಲ್ಲ. ಜೊತೆಗೊಂದು ಗ್ರೂಪ್. ಅದರಲ್ಲಿ ದಿನವೂ ಯಾರಾದರೂ ಇವತ್ತು ಇಷ್ಟು ಬಂತು ಅಂತ ಸ್ಕ್ರೀನ್‌ಶಾಟ್ ಹಾಕುತ್ತಿದ್ದರು. ಒಬ್ಬರು ಮಗನಿಗೆ ಲ್ಯಾಪ್‌ಟಾಪ್ ಕೊಡಿಸಿದೆ ಅಂತ ಫೋಟೋ ಹಾಕಿದರು. ಅಷ್ಟು ಜನರಲ್ಲಿ ನಿಜವಾದವಳು ಬಹುಶಃ ನಾನೊಬ್ಬಳೇ ಅಂತ ನನಗೆ ಆಗ ಹೊಳೆಯಲೇ ಇಲ್ಲ.

ಎರಡನೇ ದಿನ, ಮುಂದಿನ ಸುತ್ತು ತೆರೆಯಲು ಸ್ವಲ್ಪ ಕಟ್ಟಬೇಕು ಅಂದರು. ಕಟ್ಟಿದೆ. ರಾತ್ರಿಯೊಳಗೆ ಕಮಿಷನ್ ಸೇರಿ ವಾಪಸ್ ಬಂತು. ನನ್ನಲ್ಲಿ ಉಳಿದಿದ್ದ ಚೂರು ಅನುಮಾನವೂ ಹೋಯಿತು.

ಮೂರನೇ ದಿನ 38ನೇ ಟಾಸ್ಕ್‌ನಲ್ಲಿ ಒಂದರ ಬದಲು ಮೂರು ಹೋಟೆಲ್ ಒಟ್ಟಿಗೆ ಬಂದವು. "ಕಾಂಬೋ" ಅಂತೆ. ಗ್ರೂಪಿನವರೆಲ್ಲ ಅಭಿನಂದನೆ ಹೇಳಿದರು, ಇದರಲ್ಲಿ ಕಮಿಷನ್ ಜಾಸ್ತಿ ಅಂತ. ಪರದೆಯ ಮೇಲೆ ನನ್ನ ಬ್ಯಾಲೆನ್ಸ್ ಕೆಂಪಗಾಗಿತ್ತು, ಮುಂದೆ ಮೈನಸ್ ಗುರುತು. ಆ ಮೈನಸ್ ತುಂಬಿದರೆ ಮಾತ್ರ ಟಾಸ್ಕ್ ಮುಂದಕ್ಕೆ ಹೋಗುತ್ತದೆ. 40 ಮುಗಿಯದೆ ದುಡ್ಡು ತೆಗೆಯುವ ಹಾಗಿಲ್ಲ. ತುಂಬಿದೆ. 39ರಲ್ಲಿ ಮತ್ತೆ ಕಾಂಬೋ. ಈ ಸಲ ಮೈನಸ್ ಮೂರು ಪಟ್ಟು. ಫೀಸಿಗೆ ಎತ್ತಿಟ್ಟಿದ್ದನ್ನು ಹಾಕಿದೆ. 40ರಲ್ಲಿ ಮತ್ತೆ. ತಂಗಿಗೆ ಸುಳ್ಳು ಹೇಳಿ ಸಾಲ ತಂದು ಹಾಕಿದೆ. ಪ್ರತಿ ಸಲವೂ ಬೇರೆ ಬೇರೆ ಹೆಸರಿನ ಖಾತೆ ಕೊಡುತ್ತಿದ್ದರು. ನಡುವೆ ಒಮ್ಮೆ ಸಾಕು, ನಿಲ್ಲಿಸುತ್ತೇನೆ ಅಂದೆ. ಮೆಂಟರ್ ಬರೆದದ್ದು ಇಷ್ಟು: "ಮೇಡಂ, 15ನೇ ತಾರೀಖು ಹತ್ತಿರ ಬಂತು. ಈಗ ಬಿಟ್ಟರೆ ಮಗಳಿಗೆ ಏನು ಹೇಳ್ತೀರಿ?"

ನಾನು ನಂಬಿ ಹೇಳಿಕೊಂಡ ತಾರೀಖನ್ನೇ ನನ್ನ ಕುತ್ತಿಗೆಗೆ ಹಿಡಿದರು.

40 ಮುಗಿಯಿತು. ವಿತ್‌ಡ್ರಾ ಒತ್ತಿದರೆ, ಮೊದಲು ತೆರಿಗೆ ಕಟ್ಟಿ ಅಂತ ಬಂತು. ಅದಕ್ಕೆ ಒದ್ದಾಡುತ್ತಿರುವಾಗಲೇ ನಿಮ್ಮ "ಕ್ರೆಡಿಟ್ ಸ್ಕೋರ್" ಇಳಿದಿದೆ, ಅದನ್ನು ಸರಿಪಡಿಸಲು ಮತ್ತಷ್ಟು ಕಟ್ಟಿ ಅಂದರು. ಅವತ್ತು ರಾತ್ರಿ ಮಗಳು ನೀರು ಕುಡಿಯಲು ಎದ್ದು ಬಂದವಳು ನನ್ನ ಮುಖ ನೋಡಿದಳು. ಫೋನ್ ಕೈಯಿಂದ ತೆಗೆದುಕೊಂಡು ಸುಮ್ಮನೆ ಓದುತ್ತಾ ಹೋದಳು. "ಅಮ್ಮಾ, ಕಟ್ಟಬೇಕಾದ್ದನ್ನ ಬರಬೇಕಾದ ದುಡ್ಡಲ್ಲೇ ಮುರಕೊಳ್ಳಿ ಅಂತ ಕೇಳಿದ್ಯಾ?" ಅಂದಳು. ಕೇಳಿರಲಿಲ್ಲ. ಕೇಳಿದೆವು. ಆಗಲ್ಲ ಅಂತ ಉತ್ತರ ಬಂತು. ಆ ವೆಬ್‌ಸೈಟ್ ಯಾವಾಗ ನೋಂದಣಿ ಆಗಿದೆ ಅಂತ ಅವಳು ಹುಡುಕಿದಳು. ಡೊಮೈನ್ ನೋಂದಣಿಯ ತಾರೀಖನ್ನು "ಹೂ ಈಸ್" ಅನ್ನುವ ಹುಡುಕಾಟದಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಹೆಸರಾಂತ ಕಂಪನಿಯದು ಅಂದಿದ್ದ ಆ ಸೈಟ್ ಹುಟ್ಟಿ 19 ದಿನ ಆಗಿತ್ತು.

ಆ ಹೊತ್ತಲ್ಲೇ ಬ್ಯಾಂಕಿಗೆ ಫೋನ್ ಮಾಡಿದೆವು, ಸೈಬರ್ ಪೊಲೀಸರಿಗೆ ದೂರು ಕೊಟ್ಟೆವು. ಕೊನೆಯ ಕಂತಿನಲ್ಲಿ ಒಂದು ಪಾಲನ್ನು ತಡೆಹಿಡಿಯಲು ಆಯಿತು. ಉಳಿದದ್ದು ಖಾತೆಯಿಂದ ಖಾತೆಗೆ ದಾಟಿ ಹೋಗಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಮೂರು ವಾರದ ನಂತರ ನನ್ನ ಖಾತೆಯನ್ನೇ ಬ್ಯಾಂಕ್ ತಡೆಹಿಡಿಯಿತು. ಮೊದಲ ದಿನ ನನಗೆ ಬಂದಿತ್ತಲ್ಲ ಸಣ್ಣ ಮೊತ್ತ, ಅದನ್ನು ಕಳಿಸಿದ್ದ ವ್ಯಕ್ತಿ ಏಜೆಂಟ್ ಆಗಿರಲಿಲ್ಲ. ಅವರೂ ನನ್ನ ಹಾಗೆ ಮೋಸಹೋದವರು. ಮೈನಸ್ ತುಂಬಲು ಅವರು ಕಟ್ಟಿದ ದುಡ್ಡನ್ನು ಮೋಸಗಾರರು ನೇರವಾಗಿ ನನ್ನ ಖಾತೆಗೆ ಹಾಕಿಸಿದ್ದರು. ಅವರು ಕೊಟ್ಟ ದೂರಿನಲ್ಲಿ ನನ್ನ ಖಾತೆ ನಂಬರ್ ಇತ್ತು. ನಾನು ಸಂಪಾದನೆ ಅಂತ ಖುಷಿಪಟ್ಟಿದ್ದು ಇನ್ನೊಂದು ಮನೆಯ ದುಡ್ಡು. ಕಳೆದುಕೊಂಡಿದ್ದಕ್ಕಿಂತ ಇದು ನನ್ನನ್ನು ಜಾಸ್ತಿ ಕಾಡುತ್ತದೆ. ಅದನ್ನು ಬ್ಯಾಂಕಿನ ಮೂಲಕ ಅವರಿಗೆ ಹಿಂತಿರುಗಿಸಿದೆ. ಖಾತೆ ಬಿಡಿಸಿಕೊಳ್ಳಲು ಓಡಾಡಿದ್ದು ಬೇರೆ ಕಥೆ.

ಆಮೇಲೆ ಇನ್ನೊಂದು ಫೋನ್. ವಕೀಲರಂತೆ, ಹೋದ ದುಡ್ಡನ್ನು ವಾಪಸ್ ತರಿಸುತ್ತಾರಂತೆ, ಮುಂಗಡ ಕೊಡಬೇಕಂತೆ. ನಾನು ಎಷ್ಟು ಕಳೆದುಕೊಂಡೆ ಅನ್ನುವುದೂ ಅವರಿಗೆ ಗೊತ್ತಿತ್ತು. ಒಮ್ಮೆ ಮೋಸಹೋದವರ ಪಟ್ಟಿ ಇಂಥವರ ಕೈಗೆ ಹೋಗುತ್ತದೆ. ಅಂಥ ಫೋನ್ ಬಂದರೆ ಇಟ್ಟುಬಿಡಿ.

ನಾನೊಬ್ಬಳೇ ದಡ್ಡಿ ಅಂತ ಅಂದುಕೊಂಡಿದ್ದೆ. ಇದಕ್ಕೆ "ಟಾಸ್ಕ್ ಸ್ಕ್ಯಾಮ್" ಅಂತ ಹೆಸರೇ ಇದೆ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ 2020ರಲ್ಲಿ ಇಂಥ ದೂರು ಒಂದೂ ಬಂದಿರಲಿಲ್ಲ. 2023ರಲ್ಲಿ ಸುಮಾರು 5,000 ಬಂದವು, 2024ರ ಮೊದಲ ಆರು ತಿಂಗಳಲ್ಲೇ ಸುಮಾರು 20,000. ದೂರು ಕೊಡದೆ ಬಾಯಿ ಮುಚ್ಚಿಕೊಂಡವರು ಇನ್ನೆಷ್ಟೋ. ಇನ್ನೊಂದನ್ನು ಓದಿ ಮನಸ್ಸು ಕಲಕಿತು. 2023ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ವರದಿಯೊಂದು ಬಂತು. ಆನ್‌ಲೈನ್ ಮೋಸದ ಕೆಲಸಕ್ಕೆ ಬಲವಂತವಾಗಿ ಸಿಕ್ಕಿಕೊಂಡವರು ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಇರಬಹುದು ಅಂತ ಅದರಲ್ಲಿದೆ. ಅವರಲ್ಲಿ ತುಂಬಾ ಜನ ಒಳ್ಳೆ ಕೆಲಸ ಅಂತ ನಂಬಿ ಹೋದವರು. ಊಟ ಆಯ್ತಾ ಮೇಡಂ ಅಂದವಳೂ ಅಂಥವಳೇ ಇರಬಹುದಾ? ನನ್ನ ಸಿಟ್ಟು ಕಡಿಮೆಯಾಗಿಲ್ಲ. ಆದರೂ ಕೆಲವು ರಾತ್ರಿ ಆ ಯೋಚನೆ ಬರುತ್ತದೆ.

ಈಗ ಈ ಗಳಿಗೆಯಲ್ಲಿ ನಿಮ್ಮ ಪರದೆಯ ಮೇಲೆ ಆ ಕೆಂಪು ಮೈನಸ್ ಇದ್ದರೆ, ದಯವಿಟ್ಟು ಕೇಳಿ. ಅದು ನಿಮ್ಮ ಸಾಲವಲ್ಲ. ಅವರು ತಮ್ಮ ಸೈಟಿನಲ್ಲಿ ಟೈಪ್ ಮಾಡಿಟ್ಟ ಒಂದು ಸಂಖ್ಯೆ, ಅಷ್ಟೇ. ನೀವು ಯಾರಿಗೂ ಏನೂ ಕೊಡಬೇಕಾಗಿಲ್ಲ. ಇನ್ನೊಂದು ಸಲ ಕಟ್ಟಿದರೆ ಹಿಂದಿನದು ಬರುತ್ತದೆ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು, ಬರುವುದಿಲ್ಲ. ಗ್ರೂಪಿನಿಂದ ಹೊರಬರುವ ಮೊದಲು ಚಾಟ್, ಅವರು ಕೊಟ್ಟ ಖಾತೆ ನಂಬರ್‌ಗಳು, ವೆಬ್‌ಸೈಟಿನ ವಿಳಾಸ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ನಾನು ಸಿಟ್ಟಿನಲ್ಲಿ ಅರ್ಧ ಡಿಲೀಟ್ ಮಾಡಿ ಆಮೇಲೆ ಪರದಾಡಿದೆ. ಬೆಳಗ್ಗೆ ನೋಡೋಣ ಅನ್ನಬೇಡಿ, ಬ್ಯಾಂಕಿಗೆ ಈಗಲೇ ಫೋನ್ ಮಾಡಿ. ದುಡ್ಡು ಒಂದು ಖಾತೆಯಲ್ಲಿ ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಮನೆಯವರಿಗೂ ಹೇಳಿ. ನಾನು ಮುಚ್ಚಿಟ್ಟ ಆ ಮೂರು ದಿನದಲ್ಲೇ ಅಷ್ಟೂ ಹೋಗಿದ್ದು.

ಎರಡನೇ ಕಂತಿಗೆ ಕಾಲೇಜಿನವರ ಹತ್ತಿರ ಕಾಲಾವಕಾಶ ಕೇಳಿದೆವು, ಕೊಟ್ಟರು. ಮೊದಲೇ ಕೇಳಬಹುದಿತ್ತು. ಈಗ ಸಂಜೆ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ದುಡ್ಡು ತಿಂಗಳಿಗೊಮ್ಮೆ, ಅದೂ ಸ್ವಲ್ಪವೇ. ಆದರೆ ಯಾರು ಕೊಡುತ್ತಿದ್ದಾರೆ, ಯಾಕೆ ಕೊಡುತ್ತಿದ್ದಾರೆ ಅಂತ ನನಗೆ ಗೊತ್ತು.

ಗೆಳತಿಯ ಮನೆಗೆ ಅವತ್ತೇ ಹೋದೆ. ಅವಳು ಇನ್ನೂ ಏನೂ ಕಟ್ಟಿರಲಿಲ್ಲ. ಬಂದ ದುಡ್ಡನ್ನು ಮುಟ್ಟದೆ ಬ್ಯಾಂಕಿಗೆ ಬರೆದು ತಿಳಿಸಿದಳು. ನಾವಿಬ್ಬರೂ ಕೂತು ಸ್ಕ್ರೀನ್‌ಶಾಟ್ ತೆಗೆಯುತ್ತಿರುವಾಗಲೇ ಅವಳ ಮೆಂಟರ್‌ನಿಂದ ಹೊಸ ಮೆಸೇಜ್ ಬಂತು: "ಮೇಡಂ, ಮಗನ ಫೀಸ್ ಕಟ್ಟೋಕೆ ಕೊನೆ ತಾರೀಖು ಯಾವುದು?"