ಏಳು ರಾತ್ರಿಗೆ ಆರು ಮಾತ್ರೆ: ಕ್ಲೋಟ್ರಿಮಜೋಲ್ 100 ಮಿ.ಗ್ರಾಂ.

ಐದು ತಿಂಗಳ ಬಸುರು, ದಾವಣಗೆರೆಯ ಏಪ್ರಿಲ್ ಬಿಸಿಲು, ಸಾಲದ್ದಕ್ಕೆ ಯೋನಿಯ ಶಿಲೀಂಧ್ರ (ಫಂಗಸ್) ಸೋಂಕಿನ ಈ ತುರಿಕೆ. ಒಡೆದ ಮೊಸರಿನಂಥ ಬಿಳಿಸೆರಗು, ಮೂತ್ರಕ್ಕೆ ಹೋದರೆ ಉರಿ. ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ.

ನಾಚಿಕೆಯಿಂದ ಗಂಡನನ್ನೇ ಔಷಧದ ಅಂಗಡಿಗೆ ಕಳಿಸಿದೆ. ಶಿಲೀಂಧ್ರಕ್ಕೆ ನುಂಗುವ ಔಷಧವಾದ ಫ್ಲುಕೊನಜೋಲ್‌ನ 150 ಮಿ.ಗ್ರಾಂ. ಗುಳಿಗೆ ಒಂದನ್ನು ತಂದರು. ‘ಒಂದು ನುಂಗಿದರೆ ಮುಗಿಯಿತಂತೆ.’ ಹೆಂಡತಿ ಬಸುರಿ ಎಂದು ಇವರು ಹೇಳಲಿಲ್ಲ, ಅಂಗಡಿಯವನು ಕೇಳಲಿಲ್ಲ. ಪುಣ್ಯಕ್ಕೆ ನುಂಗದೆ ಮರುದಿನ ಡಾಕ್ಟರ ಮುಂದೆ ಇಟ್ಟೆ. ಅವರು ಅದನ್ನು ಪಕ್ಕಕ್ಕೆ ಸರಿಸಿ, ಬಸುರಿನಲ್ಲಿ ಇದು ಬೇಡ, ಮೊದಲ ತಿಂಗಳುಗಳಲ್ಲಂತೂ ಗರ್ಭಪಾತದ ಭಯವಿದೆ ಎಂದರು. ಬದಲಿಗೆ ಬರೆದದ್ದು ಕ್ಲೋಟ್ರಿಮಜೋಲ್, ಅದೂ ಶಿಲೀಂಧ್ರದ ಔಷಧವೇ; ಯೋನಿಯೊಳಗೆ ಇಡುವ ಮಾತ್ರೆಯಾದರೆ ರಕ್ತಕ್ಕೆ ಸೇರುವುದು ಅತ್ಯಲ್ಪವಂತೆ. ಬೇರೆ ಸೋಂಕಿಗೂ ಹೀಗೇ ಆಗಬಹುದೆಂದು ಸ್ರಾವದ ಮಾದರಿ ತೆಗೆದುಕೊಂಡರು, ಸಕ್ಕರೆ ಪರೀಕ್ಷೆಗೂ ಬರೆದರು. ಕೊಳಕಿನಿಂದ ಬಂದದ್ದಲ್ಲ, ಬಸುರಿನ ಹಾರ್ಮೋನಿನ ಏರಿಕೆಗೆ ಅನೇಕರಿಗೆ ಬರುತ್ತದೆ ಎಂದಾಗ ಅರ್ಧ ತುರಿಕೆ ಅಲ್ಲೇ ಇಳಿಯಿತು.

ಇನ್ನು ಮಾತ್ರೆಯ ವಿಷಯ. ಡಾಕ್ಟರು ಬರೆದದ್ದು ಏಳು ರಾತ್ರಿ, ಪೆಟ್ಟಿಗೆಯಲ್ಲಿರುವುದು ಆರು. ಬಿಡಿ ಕೊಡುವುದಿಲ್ಲವೆಂದರು, ಎರಡು ಪೆಟ್ಟಿಗೆ ಕೊಂಡೆ. ಜೊತೆಗೆ ಬರುವ ಪ್ಲಾಸ್ಟಿಕ್ ಕಡ್ಡಿಯನ್ನು ಕಂಡೇ ಭಯವಾಯಿತು. ಕೈ ತೊಳೆದು ಬೆರಳಿನಿಂದಲೇ ಇಡಬಹುದು, ಕಡ್ಡಿ ಬಳಸಿದರೂ ಒತ್ತಬಾರದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬೆರಳೇ ವಾಸಿ. ಮಲಗುವ ಮುನ್ನ ಇಡಬೇಕು, ಬೆಳಿಗ್ಗೆ ಸುಣ್ಣದಂಥ ಪುಡಿ ಒಳಉಡುಪಿಗೆಲ್ಲ ಅಂಟಿರುತ್ತದೆ. ಹಳೆಯ ಹತ್ತಿಯ ಬಟ್ಟೆಯನ್ನೇ ಹಾಕಿಕೊಳ್ಳಿ. ಮೊದಲ ರಾತ್ರಿ ತುಸು ಉರಿಯಿತು. ಮೂರನೆಯ ರಾತ್ರಿ, ಎಷ್ಟೋ ದಿನದ ಮೇಲೆ, ನಿದ್ದೆ! ಅಲ್ಲಿಗೇ ನಿಲ್ಲಿಸುವ ಆಸೆಯಾದರೂ ಏಳನ್ನೂ ಮುಗಿಸಿದೆ. ನಡುವೆ ಅತ್ತೆ ಮೊಸರು ಹಚ್ಚಲು ಹೇಳಿದರು. ಅದನ್ನು ಅನ್ನಕ್ಕೆ ಕಲಸಿಕೊಂಡೆ.

ಔಷಧಕ್ಕೆ ಐದಕ್ಕೆ ನಾಲ್ಕು ಅಂಕ. ಒಂದನ್ನು ಕಳೆದದ್ದು ಆ ಆರರ ಲೆಕ್ಕಕ್ಕೆ. ಉಳಿದ ಐದು ಮಾತ್ರೆಗಳನ್ನು, ತನಗೂ ತುರಿಕೆಯೆಂದು ನಾದಿನಿ ಕೇಳಿದಳು. ಕೊಡಲಿಲ್ಲ, ಡಾಕ್ಟರ ಫೋನ್ ನಂಬರ್ ಕೊಟ್ಟೆ. ಮುಖ ಊದಿಸಿಕೊಂಡಿದ್ದಾಳೆ.