ಎರಡು ಬೋಟಿಗೂ ಒಂದೇ ಮೋಟಾರ್ ಸಾಕು ಅಂದರೆ ನಂಬಬೇಡಿ

ಹಳೆಯ ಬೋಟ್ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ. ಓದಿ, ಅಳತೆ ಟೇಪ್ ಹಿಡಿದುಕೊಂಡೇ ಹೋಗಿ.

ಮಾರುವವನ ಹತ್ತಿರ ಎರಡು ಫೈಬರ್ ಬೋಟ್ ಇದ್ದವು. ಒಂದು 12 ಅಡಿ, ಇನ್ನೊಂದು 14 ಅಡಿ. ನಾನು ಹೋಗಿದ್ದು ಚಿಕ್ಕದಕ್ಕೆ. ಇಬ್ಬರು ಕೂತು ಗಾಳ ಹಾಕೋಕೆ ಅಷ್ಟು ಸಾಕಿತ್ತು. "ಚಿಕ್ಕದು ಅಲ್ಲಾಡುತ್ತೆ ಸಾರ್, ಮನೆಯವರು ಹೆದರ್ತಾರೆ. ಸ್ವಲ್ಪ ಜಾಸ್ತಿ ಕೊಟ್ಟು ದೊಡ್ಡದು ತಗೊಳ್ಳಿ" ಎಂದ. ಅದೇನೂ ಸುಳ್ಳಲ್ಲ. ದೊಡ್ಡದರ ಅಗಲ ಜಾಸ್ತಿ, ಬದಿ ಎತ್ತರ, ಎದ್ದು ನಿಂತರೂ ಅಷ್ಟು ಓಲಾಡಲ್ಲ. ಸುಳ್ಳು ಬಂದಿದ್ದು ಆಮೇಲೆ. ಮೋಟಾರ್ ಯಾವುದು ಎಂದು ಕೇಳಿದೆ. "ಎರಡಕ್ಕೂ ಅದೇ ಸಾರ್, ಕಣ್ಮುಚ್ಚಿಕೊಂಡು ಹಾಕಿ."

ನೀರು ತುಂಬಿದ ಡ್ರಮ್ಮಿನಲ್ಲಿ ಮೋಟಾರ್ ಇಟ್ಟು ಶುರು ಮಾಡಿ ತೋರಿಸಿದ. ಒಂದೇ ಎಳೆತಕ್ಕೆ ಹತ್ತಿಕೊಂಡಿತು. ಬೋಟಿಗೇ ಕಟ್ಟಿ ನೀರಿಗೆ ಇಳಿಸಿ ನೋಡೋಣ ಅಂದರೆ ಟ್ರೇಲರ್ ಟೈರ್ ಪಂಚರ್ ಅಂತೆ!

ಅವನ ಮಾತು ನಂಬಿ ದೊಡ್ಡ ಬೋಟನ್ನೂ ಆ ಮೋಟಾರನ್ನೂ ಕೊಂಡೆ. ಮೊದಲ ಸಲ ಇಳಿಸಿದಾಗ ದಡದ ತುಂಬ ಜನ. ಹ್ಯಾಂಡಲ್ ತಿರುಗಿಸಿದೆ. ಎಂಜಿನ್ ಅರಚಿಕೊಂಡಿತು, ಹಿಂದೆ ಬರೀ ನೊರೆ. ಬೋಟ್ ಮಾತ್ರ ಇದ್ದಲ್ಲೇ ಇದೆ. ಇನ್ನೂ ಜೋರಾಗಿ ತಿರುಗಿಸಿದೆ, ಇನ್ನೂ ಜೋರಾಗಿ ಅರಚಿತು. ಮಕ್ಕಳು ನಗೋಕೆ ಶುರು ಮಾಡಿದರು. ಪಕ್ಕದ ಬೋಟಿನ ಹಿರಿಯರೊಬ್ಬರು ಬಗ್ಗಿ ನೋಡಿ, "ಶಾಫ್ಟ್ ಗಿಡ್ಡ ಆಯ್ತಲ್ಲ ಮಾರಾಯರೆ, ಇದು ಗಾಳಿ ಎಳೀತಿದೆ" ಎಂದರು. ಶಾಫ್ಟ್ ಅಂದರೆ ಮೋಟಾರಿನಿಂದ ಕೆಳಗೆ ಪ್ರೊಪೆಲ್ಲರ್ ತನಕ ಇಳಿಯುವ ಕಾಲು. ಅದು ಗಿಡ್ಡವಾದರೆ ಪ್ರೊಪೆಲ್ಲರ್ ಸಾಕಷ್ಟು ಆಳಕ್ಕೆ ಇಳಿಯದೆ ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತೆ. ಕತ್ತೆತ್ತಿ ಅವರ ಮುಖ ನೋಡೋಕೂ ಆಗಲಿಲ್ಲ ನನಗೆ.

ದಡಕ್ಕೆ ಎಳೆದು ಟೇಪ್ ಹಿಡಿದೆವು. ಮೋಟಾರ್ ಕೂರುವ ಹಿಂದಿನ ಹಲಗೆ 20 ಇಂಚು ಎತ್ತರ. ಮೋಟಾರ್ 15 ಇಂಚಿನ ಹಲಗೆಗೆ ಮಾಡಿದ್ದು, ಅಂದರೆ ಚಿಕ್ಕ ಬೋಟಿನದು! ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ತಟ್ಟೆ ಹೆಚ್ಚುಕಡಿಮೆ ಬೋಟಿನ ತಳದ ಮಟ್ಟಕ್ಕೆ ಬರಬೇಕು. ಇಲ್ಲಿ ಅರ್ಧ ಗೇಣು ಮೇಲಿತ್ತು. ಎಷ್ಟು ಜನ, ಎಷ್ಟು ತೂಕ, ಎಷ್ಟು ಅಶ್ವಶಕ್ತಿ ಅಂತ ಬರೆದಿರುವ ಫಲಕವೂ ಒಳಗಿರಲಿಲ್ಲ. ಅದಿದ್ದ ಜಾಗದಲ್ಲಿ ರಿವೆಟ್ಟಿನ ತೂತುಗಳಿದ್ದವು, ಅದರ ಮೇಲೆ ಹೊಸ ಬಣ್ಣ.

ಫೋನ್ ಮಾಡಿದೆ. "ಮೋಟಾರ್ ಓಡ್ತಿದೆ ತಾನೇ ಸಾರ್?" ಓಡ್ತಿದೆ, ಬೋಟ್ ಓಡ್ತಿಲ್ಲ ಎಂದೆ. "ಹಿಂದೆ ಒಬ್ಬರನ್ನ ಜಾಸ್ತಿ ಕೂರಿಸಿ, ತಗ್ಗುತ್ತೆ." ಹಿಂದಿನ ಬದಿಯಿಂದ ನೀರು ಒಳಗೆ ಬಂದರೆ ಇವನು ಬರ್ತಾನಾ ಎತ್ತೋಕೆ? ಫಲಕದ ವಿಷಯ ಕೇಳಿದ್ದಕ್ಕೆ, "ಅದು ಸುಮ್ನೆ ಸ್ಟಿಕ್ಕರ್ ಸಾರ್." ಮೋಟಾರ್ ವಾಪಸ್ ತಗೋ ಎಂದೆ. "ನೋಡಿ ತಗೊಂಡಿದ್ದೀರಲ್ವಾ" ಎಂದು ಫೋನ್ ಇಟ್ಟ. ನೋಡಿದ್ದು ಡ್ರಮ್ಮಿನಲ್ಲಿ ಕಣಯ್ಯಾ, ಡ್ರಮ್ಮಿನಲ್ಲಿ!

ಬೋಟ್ ದೊಡ್ಡದೋ ಚಿಕ್ಕದೋ, ಅದು ನಿಮ್ಮಿಷ್ಟ. ಹಲಗೆಯ ಎತ್ತರ ಅಳೆಯಿರಿ, ಶಾಫ್ಟ್ ಅದಕ್ಕೆ ಹೊಂದುತ್ತಾ ನೋಡಿ. ಫಲಕ ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ. ಮೋಟಾರ್ ಕಟ್ಟಿ, ನೀರಲ್ಲಿ ಓಡಿಸದೆ ದುಡ್ಡು ಕೊಡಬೇಡಿ. ಪಂಚರ್ ಅಂದರೆ ಟೈರ್ ಹಾಕಿಸಲಿ, ಆಮೇಲೆ ಬರ್ತೀವಿ ಅನ್ನಿ.

ಈಗ ಅವನೇ ಮೆಸೇಜ್ ಹಾಕಿದ್ದಾನೆ. ಶಾಫ್ಟ್ ಉದ್ದ ಮಾಡುವ ಕಿಟ್ ತರಿಸಿಕೊಡ್ತಾನಂತೆ, ಅದರ ದುಡ್ಡು ಬೇರೆ. ಆ 12 ಅಡಿ ಬೋಟ್ ಇನ್ನೂ ಮಾರಾಟಕ್ಕಿದೆ. ಮೋಟಾರ್ ಇಲ್ಲ ಅಂತ ಬರೆದುಕೊಂಡಿದ್ದಾನೆ.